ಗುಂಡಿಗೆ ಯಾವ ಧರ್ಮ?

2010ರ ಏಪ್ರಿಲ್ 17. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್ ಪಂದ್ಯಕ್ಕೆ ಮೊದಲು ಬಾಂಬ್ ಸಿಡಿಯಿತು. 15 ಮಂದಿ ಗಾಯಗೊಂಡರು. ಯಾರೂ ಸಾಯಲಿಲ್ಲ.

2025ರ ಜೂನ್ 4. ಅದೇ ಕ್ರೀಡಾಂಗಣ. ಬಾಂಬಿಲ್ಲ, ಬಂದೂಕಿಲ್ಲ, ಉಗ್ರನಿಲ್ಲ. ಆರ್‌ಸಿಬಿ ಕಪ್ ಗೆದ್ದಿತ್ತು. ಗೇಟಿನಲ್ಲಿ ನೂಕುನುಗ್ಗಲಿತ್ತು. 11 ಮಂದಿ ಸತ್ತರು.

ಈಗ ಹೇಳಿ, ಆ ಗೇಟಿನಲ್ಲಿ ನಿಂತಾಗ ನಿಮಗೆ ಯಾವುದರ ಭಯ?

ಬಾಂಬಿನದೇ. ಇರಲೇಬೇಕು. ಯಾಕೆಂದರೆ ಅಲ್ಲಿ ನಿಮ್ಮ ಬ್ಯಾಗು ತೆರೆಸುತ್ತಾರೆ, ಜೇಬು ತಡಕುತ್ತಾರೆ, ನೀರಿನ ಬಾಟಲಿ ಕಿತ್ತುಕೊಳ್ಳುತ್ತಾರೆ. ಆದರೆ ಸುಮಾರು 35 ಸಾವಿರ ಜನ ಹಿಡಿಯುವ ಜಾಗಕ್ಕೆ 2-3 ಲಕ್ಷ ಜನ ಬಂದಿದ್ದರು ಎಂದು ಸರ್ಕಾರವೇ ಹೇಳಿತು. ಎಲ್ಲ ಮುಗಿದ ಮೇಲೆ ಹೇಳಿತು. ಬಾಟಲಿ ಎಣಿಸುವ ವ್ಯವಸ್ಥೆಗೆ ತಲೆ ಎಣಿಸಲು ಬರಲಿಲ್ಲ.

ಅಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಇನ್ನೊಂದು ಲೆಕ್ಕ ಮಾತ್ರ ಥಟ್ಟನೆ ನೆನಪಾಯಿತು. ಸಮರ್ಥಿಸಿಕೊಳ್ಳುವುದಿಲ್ಲ ಎನ್ನುತ್ತಲೇ, ಕುಂಭಮೇಳದಲ್ಲಿ 50-60 ಜನ ಸತ್ತಿದ್ದರಲ್ಲ ಎಂದರು. ಅಂದರೆ ನಮ್ಮದು ಬರೀ 11. ಪಾಸಾದೆವು.

ಅವರು ಬೆರಳು ತೋರಿಸಿದ ಕುಂಭಮೇಳದ ಲೆಕ್ಕವೇನು ಕಡಿಮೆಯೇ? ಮಿಂದವರು 66 ಕೋಟಿ ಎಂದು ಉತ್ತರ ಪ್ರದೇಶ ಸರ್ಕಾರ ಘೋಷಿಸಿತು. ಎಐ ಕ್ಯಾಮೆರಾ ಹಚ್ಚಿ ಎಣಿಸಿದ್ದಂತೆ. ಅದೇ 2025ರ ಜನವರಿ 29ರ ನಸುಕಿನಲ್ಲಿ ಅಲ್ಲಿ ಕಾಲ್ತುಳಿತವಾಯಿತು. ಸತ್ತವರು 30 ಎಂದು ಬಾಯಿಬಿಡಲು ಅದೇ ಸರ್ಕಾರಕ್ಕೆ ಸಂಜೆಯಾಯಿತು. ಅವರಲ್ಲಿ ನಾಲ್ವರು ನಮ್ಮ ಬೆಳಗಾವಿಯವರು. ಮೀಯುವವರನ್ನು ಎಣಿಸಲು ಕ್ಯಾಮೆರಾ. ಸತ್ತವರನ್ನು ಎಣಿಸಲು ಸಂಕೋಚ.

ಎಷ್ಟು ಜನ ಸತ್ತರು ಎಂದು ನೋಡಿ ಈ ದೇಶ ಹೆದರುವುದಿಲ್ಲ. ಯಾರು ಕೊಂದರು ಎಂದು ಕೇಳಿ ಹೆದರುತ್ತದೆ. ಉಗ್ರ ಕೊಂದರೆ ಸರ್ಕಾರಕ್ಕೊಬ್ಬ ಶತ್ರು ಸಿಕ್ಕ. ರಸ್ತೆಗುಂಡಿ ಕೊಂದರೆ ಸರ್ಕಾರವೇ ಆರೋಪಿ. ಯಾವ ಅಂಕಿ ಮುಖಪುಟಕ್ಕೆ, ಯಾವುದು ವಾರ್ಷಿಕ ವರದಿಯ ಕೊನೆಯ ಕೋಷ್ಟಕಕ್ಕೆ ಎಂಬುದು ಅಲ್ಲಿಗೇ ತೀರ್ಮಾನವಾಯಿತು.

2022ನ್ನೇ ತೆಗೆದುಕೊಳ್ಳಿ. ನವೆಂಬರ್ 19ರಂದು ಮಂಗಳೂರಿನ ಆಟೊ ಒಂದರಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಗಾಯಗೊಂಡವರು ಇಬ್ಬರು. ಆಟೊ ಚಾಲಕ, ಮತ್ತು ಬಾಂಬ್ ಒಯ್ಯುತ್ತಿದ್ದವನು. ಟಿವಿಯವರು ಕುಕ್ಕರಿನ ಮುಚ್ಚಳಕ್ಕೊಂದು, ತಳಕ್ಕೊಂದು ಕೆಂಪು ಸುತ್ತು ಹಾಕಿ ದಿನಗಟ್ಟಲೆ ತೋರಿಸಿದರು. ಚುನಾವಣೆಗೆ ಆರು ತಿಂಗಳಿತ್ತು. ಬಿಜೆಪಿಗೆ ಅದು ದೇಶದ ಭದ್ರತೆ. ಡಿ.ಕೆ. ಶಿವಕುಮಾರ್ ಅವರಿಗೆ ಮತದಾರರ ಮಾಹಿತಿ ಹಗರಣದಿಂದ ಗಮನ ಬೇರೆಡೆ ಸೆಳೆಯುವ ಆಟ. ಒಬ್ಬರು ಹಿಗ್ಗಿಸಿದರು, ಇನ್ನೊಬ್ಬರು ಕುಗ್ಗಿಸಿದರು. ಅಳತೆ ಮಾಡಿದವರು ಯಾರೂ ಇಲ್ಲ.

ಅದೇ 2022ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,702. ದಿನಕ್ಕೆ 32. ಕೇಂದ್ರ ಹೆದ್ದಾರಿ ಸಚಿವಾಲಯವೇ ಅಚ್ಚು ಹಾಕಿದ ಲೆಕ್ಕ. ಇಡೀ ದೇಶದಲ್ಲಿ 1,68,491. ಅದರಲ್ಲಿ ಬರೀ ರಸ್ತೆಗುಂಡಿಗೆ ಬಲಿಯಾದವರು 1,856. ಉಗ್ರವಾದದಿಂದ, ಸತ್ತ ಉಗ್ರರೂ ಸೇರಿ, ಇತ್ತೀಚೆಗೆ ಈ ದೇಶದಲ್ಲಿ ವರ್ಷಕ್ಕೆ ಸಾಯುತ್ತಿರುವವರು ಕೆಲವು ನೂರು.

ಆದರೆ ಗುಂಡಿಗೆ ಧರ್ಮವಿಲ್ಲ. ಗುಂಡಿಗೆ ಸ್ಲೀಪರ್ ಸೆಲ್ ಇಲ್ಲ. ಗುಂಡಿ ಗಡಿ ದಾಟಿ ಬಂದದ್ದಲ್ಲ. ಟೆಂಡರ್ ದಾಟಿ ಬಂದದ್ದು. ಅದಕ್ಕೆ ಯಾವ ಆ್ಯಂಕರ್ ಕಿರುಚಬೇಕು?

ಬೆಂಗಳೂರಿನ ಖಾತೆಯನ್ನೂ ತೆರೆದು ನೋಡಿ. 2005ರಲ್ಲಿ ಐಐಎಸ್‌ಸಿ ಮೇಲೆ ಗುಂಡಿನ ದಾಳಿ. 2008ರಲ್ಲಿ ಸರಣಿ ಸ್ಫೋಟ. 2013ರಲ್ಲಿ ಮಲ್ಲೇಶ್ವರ. 2014ರಲ್ಲಿ ಚರ್ಚ್ ಸ್ಟ್ರೀಟ್. 2024ರಲ್ಲಿ ರಾಮೇಶ್ವರಂ ಕೆಫೆ. 20 ವರ್ಷಗಳಲ್ಲಿ ಇವೆಲ್ಲದರಿಂದ ಸತ್ತವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಒಂದೊಂದು ಜೀವವೂ ದೊಡ್ಡದೇ. ದಿನಕ್ಕೆ 32 ಹೋಗುತ್ತಿವೆಯಲ್ಲ, ಅವೂ ಅಷ್ಟೇ ದೊಡ್ಡವು ಎನ್ನುವುದು ಮಾತ್ರ ನಮ್ಮ ತಲೆಗೆ ಹೋಗುವುದಿಲ್ಲ.

ಹೋಗದ ಹಾಗೆ ನೋಡಿಕೊಳ್ಳಲಾಗಿದೆ.

ಮಾಲ್‌ಗೆ ಹೋಗಿ. ಗೇಟಿನಲ್ಲಿ ಒಬ್ಬ ಗಾರ್ಡ್. ಕೈಯಲ್ಲಿ ಚಕ್ರ ಹಚ್ಚಿದ ಕನ್ನಡಿ. ಅದನ್ನು ಕಾರಿನ ಕೆಳಗೆ ಒಮ್ಮೆ ಆಚೆ, ಒಮ್ಮೆ ಈಚೆ ತಳ್ಳುತ್ತಾನೆ. ಕಣ್ಣು ಕನ್ನಡಿಯ ಮೇಲಿಲ್ಲ. ಹಿಂದೆ ಹಾರ್ನ್ ಹೊಡೆಯುತ್ತಿರುವ ಕಾರಿನ ಮೇಲಿದೆ. ಡಿಕ್ಕಿ ತೆಗೆಸುತ್ತಾನೆ. ಒಳಗೆ ಸ್ಟೆಪ್ನಿ, ಹಳೇ ಚಪ್ಪಲಿ, ಊರಿಂದ ತಂದ ತೆಂಗಿನಕಾಯಿ ಚೀಲ. ಚೀಲ ಬಿಚ್ಚುವುದಿಲ್ಲ. ಡಿಕ್ಕಿ ಮುಚ್ಚಿ ಸಲಾಂ ಹೊಡೆಯುತ್ತಾನೆ. ಅವನ ತಪ್ಪೇನೂ ಇಲ್ಲ. ಬಾಂಬ್ ಹುಡುಕುವುದು ಅವನ ಕೆಲಸವಲ್ಲ. ಬಾಂಬ್ ಇರಬಹುದು ಎಂದು ದಿನಾ ನಿಮಗೆ ನೆನಪಿಸುವುದು ಅವನ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದಾನೆ.

ಮೆಟ್ರೊದಲ್ಲೂ ಅಷ್ಟೇ. ಒಳಗೆ ಬರುವವನ ಊಟದ ಡಬ್ಬಿಗೂ ಎಕ್ಸ್‌ರೇ. 2023ರ ಜನವರಿ 10ರಂದು ನಾಗವಾರದ ಬಳಿ ಕಟ್ಟುತ್ತಿದ್ದ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಪ್ರಯಾಣಿಕನಿಂದ ಮೆಟ್ರೊವನ್ನು ಕಾಯಲು ಯಂತ್ರವಿದೆ. ಮೆಟ್ರೊದಿಂದ ದಾರಿಹೋಕನನ್ನು ಕಾಯಲು?

ಇನ್ನು ಮುಂಬೈ. 2006ರ ಜುಲೈ 11. ಲೋಕಲ್ ರೈಲುಗಳಲ್ಲಿ 11 ನಿಮಿಷಗಳಲ್ಲಿ 7 ಸ್ಫೋಟ. ಸತ್ತವರು 180ಕ್ಕೂ ಹೆಚ್ಚು. ಯಾರೂ ಮರೆತಿಲ್ಲ, ಮರೆಯಲೂಬಾರದು. ಅದೇ ಲೋಕಲ್ ರೈಲಿನ ಹಳಿಗಳ ಮೇಲೆ 2023ರಲ್ಲಿ ಸತ್ತವರು 2,590. ಬಾಗಿಲಲ್ಲಿ ಜೋತುಬಿದ್ದವರು, ಹಳಿ ದಾಟಿದವರು, ಕೈಜಾರಿದವರು. ತಿಂಗಳಿಗೆ 200 ದಾಟುತ್ತದೆ. ಅಂದರೆ ತಿಂಗಳಿಗೊಂದು ಜುಲೈ 11. ಮೇಣದಬತ್ತಿ ಹಚ್ಚುವವರಿಲ್ಲ. ಮರುದಿನ ಬೆಳಿಗ್ಗೆ ಅದೇ ರೈಲಿಗೆ ಜೋತುಬಿದ್ದವರನ್ನು ನೋಡಿ, ಮುಂಬೈಯ ಛಲವೇ ಛಲ ಎಂದು ಹೊಗಳುತ್ತೇವೆ. ಬೇರೆ ರೈಲಿಲ್ಲ ಸ್ವಾಮಿ. ಅದು ಛಲವಲ್ಲ, ಗತಿಗೇಡು.

ಆ ಸ್ಫೋಟ ಮಾಡಿದ್ದು ಯಾರು? 19 ವರ್ಷದ ನಂತರ, 2025ರ ಜುಲೈನಲ್ಲಿ, ಬಾಂಬೆ ಹೈಕೋರ್ಟ್ ಶಿಕ್ಷೆಯಾಗಿದ್ದ 12 ಮಂದಿಯನ್ನೂ ಖುಲಾಸೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ದೇಶದ ಲೆಕ್ಕವೂ ಇದಕ್ಕಿಂತ ಚೆಂದವಿಲ್ಲ. 2016ರಿಂದ 2020ರವರೆಗೆ ಯುಎಪಿಎ ಪ್ರಕರಣಗಳಲ್ಲಿ ಆರೋಪಿಗಳಾದವರು 24,134 ಮಂದಿ. ಶಿಕ್ಷೆಯಾದದ್ದು 212 ಮಂದಿಗೆ. ಖುಲಾಸೆಯಾದವರು 386. ಬಂಧನಕ್ಕೆ ಪತ್ರಿಕಾಗೋಷ್ಠಿ ಉಂಟು. ಖುಲಾಸೆಗೆ ಇಲ್ಲ. ನಿಮ್ಮ ತಲೆಯಲ್ಲಿ ಉಳಿಯುವುದು ಮೊದಲನೇ ಸಂಖ್ಯೆ. ಉಳಿಯಲಿ ಎಂದೇ ಅದನ್ನು ಜೋರಾಗಿ ಹೇಳುವುದು.

ಇದು ನಮ್ಮದೇ ಪೇಟೆಂಟ್ ಎಂದು ಬೀಗಬೇಡಿ. ಅಮೆರಿಕದವರು ನಮಗಿಂತ ಮುಂದಿದ್ದಾರೆ.

ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಒಂದು ಪಟ್ಟಿ ಕೊಟ್ಟಿತು. ಬಲಪಂಥೀಯ ಉಗ್ರರ 62 ದಾಳಿ, 106 ಸಾವು. ಇಸ್ಲಾಮಿ ಉಗ್ರರ 23 ದಾಳಿ, 119 ಸಾವು. ಬಲಪಂಥೀಯರನ್ನು ತೋರಿಸಿ ಹೆದರಿಸಬೇಕೆ? ದಾಳಿಗಳನ್ನು ಎಣಿಸಿ. ಮುಸ್ಲಿಮರನ್ನು ತೋರಿಸಿ ಹೆದರಿಸಬೇಕೆ? ಹೆಣಗಳನ್ನು ಎಣಿಸಿ. ಎರಡೂ ಅದೇ ಪಟ್ಟಿಯಲ್ಲಿವೆ. ಪಟ್ಟಿ ಶುರುವಾಗುವುದು 2001ರ ಸೆಪ್ಟೆಂಬರ್ 12ರಿಂದ. ಒಂದು ದಿನ ಹಿಂದಕ್ಕೆ ಸರಿದರೆ ಇನ್ನೂ 2,977 ಹೆಣ ಸೇರುತ್ತವೆ. ಅಂಕಿ ಒಂದೂ ಸುಳ್ಳಲ್ಲ. ಕ್ಯಾಲೆಂಡರಿನ ಯಾವ ಪುಟದಿಂದ ಎಣಿಸಿದರು ಎಂಬುದರಲ್ಲೇ ಎಲ್ಲ ಇದೆ.

ಟ್ರಂಪ್ ಸರ್ಕಾರ ಇಷ್ಟು ನಾಜೂಕಿನದೂ ಅಲ್ಲ. 2018ರ ಜನವರಿಯಲ್ಲಿ ಅದರ ವರದಿ ಬಂತು. ಅಂತರರಾಷ್ಟ್ರೀಯ ಭಯೋತ್ಪಾದನೆ ಪ್ರಕರಣಗಳಲ್ಲಿ ಶಿಕ್ಷೆಯಾದ 549 ಮಂದಿಯಲ್ಲಿ 402 ಮಂದಿ ಹೊರದೇಶದಲ್ಲಿ ಹುಟ್ಟಿದವರಂತೆ. ನಾಲ್ವರಲ್ಲಿ ಮೂವರು. ವಲಸೆಯ ಬಾಗಿಲು ಮುಚ್ಚಲು ಇನ್ನೇನು ಬೇಕು? ಆದರೆ ಆ ಪಟ್ಟಿಯಲ್ಲಿ ವಿಚಾರಣೆಗೆಂದೇ ಹೊರದೇಶದಿಂದ ಹಿಡಿದು ತಂದವರೂ ಇದ್ದರು. ಅಮೆರಿಕದಲ್ಲೇ ಹುಟ್ಟಿ ಬೆಳೆದ ದೇಶೀ ಉಗ್ರರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾವೇ ಕೈಕೋಳ ಹಾಕಿ ಕರೆತಂದವರನ್ನು ತೋರಿಸಿ, ನೋಡಿ ಹೇಗೆ ನುಗ್ಗುತ್ತಿದ್ದಾರೆ ಎಂದರು.

ಹೆದರಿಕೆ ಬಿಟ್ಟಿ ಸಿಗುವುದಿಲ್ಲ. ಅದಕ್ಕೂ ಜೀವ ತೆರಬೇಕು. ಸೆಪ್ಟೆಂಬರ್ 11ರ ನಂತರ ಅಮೆರಿಕನ್ನರು ವಿಮಾನಕ್ಕೆ ಹೆದರಿ ಕಾರು ಹತ್ತಿದರು. ಹಾಗೆ ಮುಂದಿನ ಒಂದು ವರ್ಷದಲ್ಲಿ ರಸ್ತೆಯಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 1,500 ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ. ಅವರನ್ನು ಕೊಂದ ಉಗ್ರ ಅವರ ಊರಿಗೇ ಬರಲಿಲ್ಲ. ಟಿವಿಯಲ್ಲಿ ಬಂದಿದ್ದ.

ಇಷ್ಟು ಓದಿ ಕೆಲವರು ಆಗಲೇ ತಲೆಯಾಡಿಸುತ್ತಿರುತ್ತಾರೆ. ಬುದ್ಧಿವಂತರು. ಬಚ್ಚಲಲ್ಲಿ ಜಾರಿ ಬಿದ್ದು ಸಾಯುವವರೇ ಹೆಚ್ಚು ಕಣ್ರೀ, ಉಗ್ರರಿಗೆ ಯಾಕೆ ಹೆದರುತ್ತೀರಿ ಎನ್ನುವವರು. ಅಮೆರಿಕದ ಕೇಟೊ ಸಂಸ್ಥೆ ನಿರಾಶ್ರಿತನೊಬ್ಬನ ಉಗ್ರ ದಾಳಿಯಲ್ಲಿ ಸಾಯುವ ಸಾಧ್ಯತೆ ವರ್ಷಕ್ಕೆ 364 ಕೋಟಿಯಲ್ಲಿ ಒಂದು ಎಂದು ಲೆಕ್ಕ ಹಾಕಿತು. ಈ ಅಂಕಿ ಕಂಡರೆ ಇವರಿಗೆ ಪರಮಾನಂದ.

ಸ್ವಲ್ಪ ತಾಳಿ. ಬಚ್ಚಲು ಸಂಚು ಮಾಡುವುದಿಲ್ಲ. ಇವತ್ತು ಒಬ್ಬನನ್ನು ಕೆಡವಿದ ಸೋಪು ನಾಳೆ 100 ಜನರನ್ನು ಕೆಡವಲು ತರಬೇತಿ ಪಡೆಯುವುದಿಲ್ಲ. ರಸ್ತೆ ಸಾವು ಈ ವರ್ಷ ಎಷ್ಟೋ ಮುಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ. ಉಗ್ರ ದಾಳಿಗೆ ಆ ನಿಯಮವಿಲ್ಲ. ವರ್ಷಗಟ್ಟಲೆ ಬೆರಳೆಣಿಕೆ, ಒಂದು ಬೆಳಿಗ್ಗೆ 2,977. ಅಂಥದ್ದಕ್ಕೆ ಸರಾಸರಿ ತೆಗೆಯುವುದೇ ಮೋಸ. ಅಲ್ಲದೆ 140 ಕೋಟಿಯಿಂದ ಭಾಗಿಸಿದರೆ ಎಲ್ಲರ ಅಪಾಯವೂ ಪುಡಿಯಾಗಿ ಕಾಣುತ್ತದೆ. ಕುಪ್ವಾರದ ರೈತನಿಗೂ ಕೋರಮಂಗಲದ ಟೆಕ್ಕಿಗೂ ಅದೇ ಭಾಗಲಬ್ಧವೇ? ಎಸಿ ಕೋಣೆಯಲ್ಲಿ ಕೂತು ಸರಾಸರಿ ಹೇಳುವವನಿಗೆ ಖರ್ಚೇನೂ ಇಲ್ಲ.

ಧೈರ್ಯ ಮಾರುವವರ ಲೆಕ್ಕ ಎಂಥದ್ದು ಎಂದು ಕಾಶ್ಮೀರ ತೋರಿಸಿತು. 2023ರಲ್ಲಿ ಜಮ್ಮು-ಕಾಶ್ಮೀರಕ್ಕೆ ಬಂದವರು 2.11 ಕೋಟಿ ಎಂದು ಡಂಗುರ ಹೊಡೆದರು. ವೈಷ್ಣೋದೇವಿಗೆ ನಡೆದ ಯಾತ್ರಿಗಳೂ ಅದರಲ್ಲೇ. ಪ್ರವಾಸಿ ಬಂದ, ಆದ್ದರಿಂದ ಶಾಂತಿ ಇದೆ. ಶಾಂತಿ ಇದೆ, ಆದ್ದರಿಂದ ಪ್ರವಾಸಿಯೇ ಬಾ. ನಂಬಿ ಹೋದವರು ಸಾಮಾನ್ಯ ಜನ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಕೊಂದರು. ಕನ್ನಡಿಗರೂ ಇದ್ದರು. ಅದು ಭದ್ರತಾ ವೈಫಲ್ಯ ಎಂದು ಲೆಫ್ಟಿನೆಂಟ್ ಗವರ್ನರ್ ಒಪ್ಪಿಕೊಂಡದ್ದು ಜುಲೈನಲ್ಲಿ.

ಗಮನಿಸಿ. ಬೆಂಗಳೂರಿನಲ್ಲಿ ಹೆದರಬೇಡವೆಂದರೂ ಹೆದರಿಸುತ್ತಾರೆ. ಕಾಶ್ಮೀರದಲ್ಲಿ ಹೆದರಬೇಕಾದಾಗ ಹೆದರಬೇಡಿ ಎನ್ನುತ್ತಾರೆ. ಚುನಾವಣೆಗೆ ಭಯ ಬೇಕು, ಪ್ರವಾಸೋದ್ಯಮಕ್ಕೆ ಧೈರ್ಯ ಬೇಕು. ಎರಡಕ್ಕೂ ಅಂಕಿ ಒದಗಿಸುವ ಕಚೇರಿ ಒಂದೇ.

ಎಣಿಸದ ಸಾವಿಗಂತೂ ಯಾರೂ ಹೆದರುವುದಿಲ್ಲ. ಈ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಎಂಬುದು ಸಂಶೋಧಕರ ಅಂದಾಜು. ಸರ್ಕಾರಿ ಕಡತದಲ್ಲಿ ಅದರ ಚೂರುಪಾರು ಮಾತ್ರ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಕರ್ನಾಟಕ ಆದೇಶಿಸಿದ್ದು 2024ರಲ್ಲಿ. ಅಲ್ಲಿಯವರೆಗೆ ಗದ್ದೆಯಲ್ಲಿ ಸತ್ತವನ ಸಾವು ಬರೀ ಅವನ ಹಣೆಬರಹ.

ಉಗ್ರರನ್ನು ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ಹಿಡಿಯಿರಿ. ಹಿಡಿಯಲು ಬರುತ್ತದೆ ಎಂದು ತೋರಿಸಿಯೂ ಆಗಿದೆ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಸತ್ತವರಿಲ್ಲ. ಆದರೂ ಎನ್‌ಐಎ ಬಂತು, ಊರೆಲ್ಲ ಸಿಸಿಟಿವಿ ಜಾಲಾಡಿತು, ಸುಳಿವು ಕೊಟ್ಟವರಿಗೆ 10 ಲಕ್ಷ ಬಹುಮಾನ ಘೋಷಿಸಿತು. 42 ದಿನಗಳಲ್ಲಿ ಆರೋಪಿಗಳನ್ನು ಪಶ್ಚಿಮ ಬಂಗಾಳದಲ್ಲಿ ಹಿಡಿಯಿತು. ಶಹಬ್ಬಾಸ್.

ಗುಂಡಿಯ ಆರೋಪಿಗೆ ಇದೊಂದೂ ಬೇಡ. ರೇಖಾಚಿತ್ರ ಬೇಡ, ಬಹುಮಾನ ಬೇಡ, ಬಂಗಾಳಕ್ಕೆ ಹೋಗುವುದೂ ಬೇಡ. ಅವನ ಹೆಸರು, ವಿಳಾಸ, ಜಿಎಸ್‌ಟಿ ನಂಬರು, ಸಹಿ, ಎಲ್ಲವೂ ಕಾಮಗಾರಿಯ ಬಿಲ್ಲಿನ ಮೇಲಿವೆ. ಪಕ್ಕದಲ್ಲೇ ಬಿಲ್ ಪಾಸು ಮಾಡಿದವನ ಸಹಿಯೂ ಇದೆ.

ಅದಕ್ಕೇ ಅವನನ್ನು ಯಾರೂ ಹುಡುಕುತ್ತಿಲ್ಲ.