ಎಡಗಡೆ ಮೂರು ಬೆರಳು

ತಿರುಪ್ಪೂರಿನಲ್ಲಿ ನಮ್ಮ ಮನೆಯೆದುರು ಟೀ ಅಂಗಡಿ ಇಟ್ಟಿರುವವರು ಒಂದು ಬೆಳಗ್ಗೆ ಭಾವನ ಪಿಕಪ್ಪನ್ನು ಹಿಂದಿನಿಂದ ನೋಡಿ, "ವಂಡಿ ಸಾಯುದುಂಗೊ" ಅಂದರು. ಕೊಂಗುನಾಡಿನ ಮರ್ಯಾದೆಯ 'ಂಗೊ' ಸೇರಿಸಿಯೇ ಅಂದದ್ದು. ಮೈಸೂರಿನಿಂದ ಬಂದಿದ್ದ ಚಿಕ್ಕಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದವರು "ಅಯ್ಯೋ, ಯಾವಾಗಿಂದ?" ಎಂದು ಎದ್ದೇಬಿಟ್ಟರು. ತಮಿಳಿನಲ್ಲಿ ಸಾಯುವುದೆಂದರೆ ವಾಲುವುದು, ಬೇರೇನೂ ಅಲ್ಲ ಎಂದು ತಿಳಿಹೇಳಿ ಕೂರಿಸುವಷ್ಟರಲ್ಲಿ ಸೊಪ್ಪೆಲ್ಲ ಅಂಗಳದಲ್ಲಿತ್ತು.

ನಮ್ಮ ಕಥೆಯೂ ಅದೇ. ಕೊಯಮತ್ತೂರು, ತಿರುಪ್ಪೂರು ಸೀಮೆಯ ದೇವಾಂಗರು ನಾವು. ಮಗ್ಗ ಹೋಗಿ ಬನಿಯನ್ ಕಂಪೆನಿ ಬಂದರೂ ಮನೆಯೊಳಗಿನ ಮಾತು ಕನ್ನಡವೇ. ಆದರೆ ನೂರಾರು ವರ್ಷ ಒಂದೇ ಕಡೆ ಭಾರ ಹೊತ್ತ ಕನ್ನಡ. ಬೆಂಗಳೂರಿನ ನೆಂಟರು ಅದು ತಮಿಳಿನ ಕಡೆ ವಾಲಿದೆ ಎಂದು ನಗುತ್ತಾರೆ. ಅವರದು ಯಾವ ಕಡೆ ವಾಲಿದೆ ಎಂದು ನಾವು ಕೇಳುವುದಿಲ್ಲ, ಅವರ ಮನೆಯಲ್ಲಿ ಊಟ ಮಾಡಬೇಕಲ್ಲ.

ಪಿಕಪ್ಪಿನ ಕೆಲಸ ಜನರೇಟರ್ ಎಳೆಯುವುದು. 2012ರ ಸುಮಾರಿಗೆ ತಮಿಳುನಾಡಿನಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುತ್ತಿದ್ದಾಗ ಭಾವ ಎರಡು ಗಾಲಿಯ ಟ್ರೈಲರಿನ ಮೇಲೆ ಒಂದು ಜನರೇಟರ್ ಕೂರಿಸಿ ಬಾಡಿಗೆಗೆ ಬಿಟ್ಟರು. ಕರೆಂಟ್ ಸರಿಹೋದ ಮೇಲೆ ಮದುವೆ, ಜಾತ್ರೆ. ಇಲ್ಲಿ ಟಾಟಾ ಏಸ್‌ಗೆ ಕುಟ್ಟಿ ಯಾನೈ, ಅಂದರೆ ಮರಿಯಾನೆ ಎನ್ನುತ್ತಾರೆ. ಆ ಲೆಕ್ಕದಲ್ಲಿ ಭಾವನ ಪಿಕಪ್ಪು ಪ್ರಾಯದ ಆನೆ. ಕಾಲು ಮಾತ್ರ ಕುಂಟು.

ಕಾಯಿಲೆಗೆ ಔಷಧಿ ಹೇಳುವವರಿಗೆ ಬರವೇ? ಅಕ್ಕ ದೃಷ್ಟಿಯೆಂದಳು, ಎಡಗಾಲಿಯಡಿ ನಿಂಬೆಹಣ್ಣು ಸತ್ತಿತು. ಪಕ್ಕದ ಮನೆಯವರು ಭಾವನ ತೂಕದ ಮೇಲೆ ಹಾಕಿದರು. ಭಾವ 94 ಕಿಲೋ ನಿಜ, ಆದರೆ ಕೂರುವುದು ಬಲಕ್ಕೆ. "ಅವರು ಕೂತಿರೋದ್ರಿಂದಲೇ ಇಷ್ಟಾದ್ರೂ ನಿಂತಿದೆ" ಎಂದು ಅಕ್ಕ ಗಂಡನನ್ನು ಬಿಡಿಸಿಕೊಂಡಳು. ನಾನು, ನಾಲ್ಕು ಪುಸ್ತಕ ಓದಿದವನು, ಟ್ರೈಲರಿನ ಮೇಲೆ ಜನರೇಟರ್ ಎಡಕ್ಕೆ ಕೂತಿರಬೇಕು ಎಂದೆ. ಎಲ್ಲರೂ ತಲೆಯಾಡಿಸಿದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ದೊಡ್ಡಪ್ಪ ಬಂದರು. ಐವತ್ತು ವರ್ಷ ಗುಂಡಿಮಗ್ಗದಲ್ಲಿ ಕಾಲಿಟ್ಟು ಕೂತವರು. ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಬಲಗಡೆ ಬೆರಳಿಟ್ಟರು, ಎಡಗಡೆ ಇಟ್ಟರು. "ಮೂರು ಬೆರಳು ಕಮ್ಮಿ" ಅಂದವರು ಗಾಡಿಯನ್ನು ಬಿಟ್ಟು ಒಳಗಿಂದ ಊಟದ ತಟ್ಟೆಯಲ್ಲಿ ನೀರು ತರಿಸಿ ಅಂಗಳದಲ್ಲಿಟ್ಟರು. ನೀರೆಲ್ಲ ಚರಂಡಿಯ ಕಡೆಗೆ ಸೇರಿತು. "ಬಟ್ಟೆ ಸೊಟ್ಟ ಬಂದ್ರೆ ಬಟ್ಟೇನ ಬೈಬಾರ್ದು. ಮೊದಲು ಮಗ್ಗ ಮಟ್ಟ ಐತಾ ನೋಡು, ಆಮೇಲೆ ಹಾಸು." ಮಳೆನೀರು ಹೋಗಲೆಂದು ಅಂಗಳವನ್ನೇ ಇಳಿಜಾರು ಮಾಡಿಸಿದ್ದು ಭಾವ, ಮೂರು ಬೆರಳಿನಲ್ಲಿ ಒಂದು ಬೆರಳು ಗಾರೆಯವನದು.

ಇಡೀ ತಿರುಪ್ಪೂರಿನಲ್ಲಿ ಮಟ್ಟಸವಾದ ನೆಲ ಎಲ್ಲಿದೆ? ಲಾರಿ ತೂಗುವ ಎಡೈ ಮೇಡೈಯಲ್ಲಿ. ಅಲ್ಲಿಗೆ ಹೋದೆವು. ತೂಗುವುದು ಬೇಡ, ಸುಮ್ಮನೆ ನಿಲ್ಲಿಸಬೇಕು ಎಂದಾಗ ಅಲ್ಲಿನ ಹುಡುಗ ಬಹಳ ಹೊತ್ತು ನಮ್ಮ ಮುಖ ನೋಡಿ, ತೂಗಿದಷ್ಟೇ ದುಡ್ಡು ತೆಗೆದುಕೊಂಡ. ನೆಲದಿಂದ ಮಡ್‌ಗಾರ್ಡಿಗೆ ಅಳೆದರೆ ಎಡಗಡೆ 4 ಸೆಂಟಿಮೀಟರ್ ಕಡಿಮೆ. ಗಾಲಿಯ ಹಬ್ಬಿನ ನಡುವಿನಿಂದ ಅಳೆದರೆ 3. ಆ ವ್ಯತ್ಯಾಸದ ಒಂದು ಸೆಂಟಿಮೀಟರ್ ಗಾಳಿಯದು: ಎಡ ಟೈರಿನಲ್ಲಿ ಹನ್ನೆರಡು ಪಾಯಿಂಟ್ ಕಡಿಮೆ ಇತ್ತು. ಉಳಿದ ಮೂರು ಗಾಡಿಯದೇ.

ನನ್ನ ಟ್ರೈಲರ್ ಸಿದ್ಧಾಂತವನ್ನು ಅನುಪ್ಪರಪಾಳ್ಯದ ಹತ್ತಿರದ ಪಟ್ಟರೈಯ, ಅಂದರೆ ಕಮ್ಮಾರಸಾಲೆಯ ಮೇಸ್ತ್ರಿ ಒಂದೇ ಏಟಿಗೆ ಮುಗಿಸಿದರು. ಹುಕ್ಕಿಗೆ ಸಿಕ್ಕಿಸುವುದು ಉಂಗುರ, ಉಂಗುರ ತಿರುಗುತ್ತದೆ. ಟ್ರೈಲರ್ ತಾನು ವಾಲಿದರೂ ಪಿಕಪ್ಪನ್ನು ಪಕ್ಕಕ್ಕೆ ವಾಲಿಸಲಾರದು, ಹಿಂದಕ್ಕೆ ಕುಕ್ಕಬಹುದು ಅಷ್ಟೇ. ಅದರ ಲೆಕ್ಕವನ್ನು ನಾನು ಮನೆಗೆ ಬಂದು ಹಾಕಿದೆ, ಮಾನ ಉಳಿಸಿಕೊಳ್ಳಬೇಕಿತ್ತು. ಒಂದೂವರೆ ಟನ್ನಿನ ಟ್ರೈಲರಿನ ಹತ್ತನೇ ಒಂದು ಪಾಲು, 150 ಕಿಲೋ, ಹುಕ್ಕಿನ ಮೇಲೆ ಕೂರುತ್ತದೆ ಅನ್ನಿ. ಹುಕ್ಕು ಹಿಂದಿನ ಅಚ್ಚಿನಿಂದ 1.2 ಮೀಟರ್ ಆಚೆ, ಅಚ್ಚುಗಳ ನಡುವೆ 3 ಮೀಟರ್. ಆಗ ಮುಂದಿನ ಗಾಲಿಗಳಿಂದ 60 ಕಿಲೋ ಎದ್ದುಹೋಗುತ್ತದೆ, ಹಿಂದಿನವಕ್ಕೆ 210 ಬೀಳುತ್ತದೆ. ರಾತ್ರಿ ಭಾವನ ಹೆಡ್‌ಲೈಟು ರಸ್ತೆ ಬಿಟ್ಟು ತೆಂಗಿನ ಗರಿ ತೋರಿಸುವುದು ಅದಕ್ಕೇ.

ಮೇಸ್ತ್ರಿ ಮುಂಭಾಗವನ್ನು ನಟ್ಟನಡುವೆ ಜ್ಯಾಕ್ ಕೊಟ್ಟು ಎತ್ತಿದರು. ಕುಂಟುವ ಮೇಜಿನಂತೆ ಒಂದು ಮೂಲೆಯ ತಪ್ಪು ಎದುರು ಮೂಲೆಯಲ್ಲಿ ಕಾಣುವುದುಂಟು. ಎತ್ತಿದ ಮೇಲೂ ಹಿಂಭಾಗ ಎಡಕ್ಕೇ ವಾಲಿತ್ತು. ಮುಂದಿನ ಗಾಲಿಗಳು ನಿರ್ದೋಷಿಗಳು. ಆಮೇಲೆ ಹಿಂದಿನ ಡಬ್ಬದಿಂದ ಕೇಬಲ್ ಸುರುಳಿಗಳನ್ನು ಇಳಿಸಿದರು. ಸುಮಾರು 90 ಕಿಲೋ ತಾಮ್ರ, ಎಲ್ಲವೂ ಎಡಮೂಲೆಯಲ್ಲಿ. ಮಂಟಪದ ಮುಂದೆ ರಸ್ತೆಯಂಚಿಗೆ ನಿಲ್ಲಿಸಿದರೆ ಇಳಿಸಲು ಎಡಗಡೆಯೇ ಸಲೀಸು. ಹನ್ನೊಂದು ವರ್ಷದಿಂದ ಅದು ಅಲ್ಲೇ ಕೂತಿತ್ತು. ಅದರ ಮೇಲೆ ನಮ್ಮ ರಸ್ತೆಗಳೂ ನೀರು ಹರಿಯಲೆಂದು ಅಂಚಿಗೆ ಇಳಿಜಾರು, ಬಸ್ಸು ಬಂದರೆ ಮಣ್ಣಿಗಿಳಿಯುವುದೂ ಎಡಗಾಲಿಯೇ. ಕೇಬಲ್ ಇಳಿಸಿದ ಮೇಲೆ ಉಳಿದದ್ದು 2 ಸೆಂಟಿಮೀಟರ್.

ಹಿಂದಿನ ಎಡಗಾಲಿಯ ಯು-ಬೋಲ್ಟ್ ಬಿಚ್ಚಿದರು. ಕಮಾನು ಪಟ್ಟಿಗಳು ಒಂದೊಂದಾಗಿ ಬೇರೆಯಾದವು. ಮೂರನೆಯದು ಎರಡು ತುಂಡಾಗಿ ಬಂತು. ಮುರಿದದ್ದು ಸರಿಯಾಗಿ ಸೆಂಟರ್ ಬೋಲ್ಟಿನ ತೂತಿನಲ್ಲಿ, ಹಿಡಿಕೆಯ ಒಳಗೆ, ಹೊರಗಿನ ಯಾವ ಕಣ್ಣಿಗೂ ಬೀಳದ ಕಡೆ. ಮುರಿದ ಮುಖವನ್ನು ಮೇಸ್ತ್ರಿ ಹೆಬ್ಬೆರಳಿನಿಂದ ಒರೆಸಿ ತೋರಿಸಿದರು: ಮುಕ್ಕಾಲು ಭಾಗ ತುಕ್ಕುಗಪ್ಪು, ಅಂಚಿನಲ್ಲಷ್ಟೇ ಬೆಳ್ಳಿಯ ಹೊಳಪು. ಬಿರುಕು ಬಿಟ್ಟು ಎಷ್ಟೋ ಕಾಲವಾಗಿತ್ತು. ಪೂರ್ತಿ ಮುರಿದದ್ದು ಈಚೆಗೆ. ಉಳಿದ ಪಟ್ಟಿಗಳು ಅದರ ಪಾಲನ್ನೂ ಹೊತ್ತು ಚಪ್ಪಟೆಯಾಗಿದ್ದವು. ಅವನ್ನು ಎರಡು ಕಬ್ಬಿಣದ ದಿಮ್ಮಿಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕಮಾನಿನ ಗೆರೆಗೆ ಹೊಂದಿಸಿ, ಸಾಲದೆಂದು ಮತ್ತೆ ಬಡಿದರು. ಅನುಪ್ಪರಪಾಳ್ಯ ಪಾತ್ರೆ ಮಾಡುವವರ ಊರು. ಆಚೆಯಿಂದ ಹಿತ್ತಾಳೆಯ ಟಣಟಣ, ಈಚೆಯಿಂದ ಉಕ್ಕಿನ ಢಣ್. ಯಾವುದು ನಮ್ಮದೆಂದು ಗೊತ್ತಾಗದೆ ಭಾವ ಎರಡಕ್ಕೂ ಬೆಚ್ಚುತ್ತಿದ್ದರು.

"ಬಲಗಡೆದೂ ಬಿಚ್ಚಿ ಕಮಾನು ಎತ್ತಿಬಿಡೋಣ" ಎಂದರು ಮೇಸ್ತ್ರಿ ತಮಿಳಿನಲ್ಲಿ. ಬಲಗಡೆಗೆ ಏನೂ ಆಗಿಲ್ಲವಲ್ಲ ಎಂದರು ಭಾವ, ಶುದ್ಧ ಕನ್ನಡದಲ್ಲಿ. ದುಡ್ಡಿನ ಮಾತು ಬಂದಾಗ ಅವರಿಗೆ ತಮಿಳು ಮರೆಯುತ್ತದೆ.

ಮಾರನೆಯ ಬೆಳಗ್ಗೆ ಪಿಕಪ್ಪು ಮನೆಯೆದುರಿನ ರಸ್ತೆಯಲ್ಲಿ ನಿಂತಿತ್ತು, ಕೇಬಲ್ಲು ಡಬ್ಬದ ನಡುವೆ. ಟೀ ಅಂಗಡಿಯವರು ಲೋಟ ಇಟ್ಟು ಹಿಂದೆ ಬಂದು ನಿಂತರು, ಒಂದು ಕಣ್ಣು ಮುಚ್ಚಿದರು. ಚಿಕ್ಕಮ್ಮ ಜಗಲಿಯಿಂದಲೇ, ಕಲಿತ ತಮಿಳನ್ನೆಲ್ಲ ಒಟ್ಟುಮಾಡಿ, "ಸಾಯಲೆಯೇ?" ಎಂದು ಕೇಳಿದರು.

"ಸಾಯುದುಂಗಮ್ಮಾ" ಎಂದರು ಅವರು. "ಇಪ್ಪ ಅಂದ ಪಕ್ಕಂ."

ದೊಡ್ಡಪ್ಪ ಎದ್ದು ಹೋಗಿ ಬಲಗಡೆ ಬೆರಳಿಟ್ಟರು. ಒಂದೇ ಬೆರಳು.