ಮರುಜಲನಿರ್ಣಯ

ಶಾಸ್ತ್ರ ಬರೆಯುವವನಿಗೆ ಮೊದಲು ಅಧಿಕಾರ ಇರಬೇಕು. ನನ್ನ ಅಧಿಕಾರ ಇಷ್ಟು: ಹುಬ್ಬಳ್ಳಿಯವನು, ವಾರಕ್ಕೊಮ್ಮೆ ನಲ್ಲಿ ಬರುತ್ತಿದ್ದ ಓಣಿಯಲ್ಲಿ ಬೆಳೆದವನು, ಕೊಡ, ಹಂಡೆ, ಬ್ಯಾರಲ್ ಮುಗಿದ ಮೇಲೆ ಸಾರಿನ ಪಾತ್ರೆಗೂ ನೀರು ತುಂಬಿಟ್ಟು ಮಲಗಿದವನು. ಇದರ ಮೇಲೆ ಒಂದು ದಸರಾ ರಜೆಯಲ್ಲಿ ಅವ್ವ, ಹೆಂಡತಿ, ಹೆಂಡತಿಯ ತಮ್ಮ ಇಷ್ಟು ಜನರನ್ನು ಕೂರಿಸಿಕೊಂಡು ಜೈಸಲ್ಮೇರ್ ದಾಟಿ ರಾಮಗಢ, ತನೋಟ್, ಲೋಂಗೇವಾಲಾ ಕಡೆಗೆ ಕಾರು ಓಡಿಸಿದವನು. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಗಟ್ಟಿಯಿಲ್ಲದ ಸೀಮೆ. ಅಲ್ಲಿ ನೀರನ್ನು ಬರಿದೆ ನೀರು ಎಂದು ಕರೆದು ಸುಮ್ಮನಾಗುವುದು ಅಪಚಾರ; ವಿಂಗಡಿಸಲೇಬೇಕು.

ಮರುಜಲವು ನಾಲ್ಕು ವಿಧ: ಕಾಣುವ ನೀರು, ಇರುವ ನೀರು, ಒಯ್ಯುವ ನೀರು, ಸಿಗುವ ನೀರು. ಈ ನಾಲ್ಕನೆಯದರ ಬಗ್ಗೆ ಶಾಸ್ತ್ರಕಾರನಿಗೇ ಮುಂದೆ ಸಂಶಯ ಹುಟ್ಟಲಿದೆ, ಸದ್ಯಕ್ಕೆ ಇರಲಿ.

ಕಾಣುವ ನೀರಿನ ಪ್ರಕರಣ ಚಿಕ್ಕದು. ಸಂಸ್ಕೃತದವರಿಗೆ ಇದರಲ್ಲಿ ಬಾಯಾರಿದ ಜಿಂಕೆ ಕಂಡಿತು, ಮೃಗತೃಷ್ಣೆ ಎಂದರು. ಕನ್ನಡದವರಿಗೆ ಕುದುರೆ ಕಂಡಿತು, ಬಿಸಿಲ್ಗುದುರೆ ಎಂದರು. ಕಾರಿನವನಿಗೆ ಕಾಣುವುದು ನಿನ್ನೆ ಮಳೆ ಬಿದ್ದ ರಸ್ತೆ. ಕಾದ ಡಾಂಬರಿನ ಮೇಲಿನ ಬಿಸಿಗಾಳಿ ಬೆಳಕನ್ನು ಬಾಗಿಸಿ ಆಕಾಶದ ಒಂದು ತುಂಡನ್ನು ನೆಲಕ್ಕೆ ಹಾಸುತ್ತದೆ, ಅಷ್ಟೇ. ಇದು ಗೊತ್ತಿದ್ದೂ ನನ್ನ ಭಾವಮೈದುನ ಎರಡು ಸಲ ವೇಗ ತಗ್ಗಿಸಿದ, ಕೆಸರು ಸಿಡಿದೀತೆಂದು.

ಇರುವ ನೀರನ್ನು ವಿಂಗಡಿಸುವ ಕಷ್ಟ ನನಗೆ ಬರಲಿಲ್ಲ. ಅಲ್ಲಿಯ ಜನ ಯಾವತ್ತೋ ಆ ಕೆಲಸ ಮುಗಿಸಿದ್ದಾರೆ. 1995ರಲ್ಲಿ ಬಂದ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಎಂಬ ಹಿಂದಿ ಪುಸ್ತಕದಲ್ಲಿ ಅನುಪಮ್ ಮಿಶ್ರ ಅದನ್ನು ಹೊರಗಿನವರಿಗೂ ತಿಳಿಯುವಂತೆ ಬರೆದಿಟ್ಟಿದ್ದಾರೆ. ಮಳೆಯಾಗಿ ಬಿದ್ದು ನೆಲದ ಮೇಲೆ ಹಿಡಿದದ್ದು ಪಾಲರ್. ಆಳದ ಬಾವಿಯಲ್ಲಿ ಇರುವುದು ಪಾತಾಳ. ಇವೆರಡರ ನಡುವೆ ಮರಳಿನಲ್ಲಿ ಬರೀ ತೇವವಾಗಿ ನಿಂತದ್ದು ರೇಜಾಣಿ.

ಪಾತಾಳದ ನೀರು ಬಹಳ ಕಡೆ ಉಪ್ಪು. ಅಲ್ಲಿಯ ಮಾತಿನಲ್ಲಿ ಕುಡಿಯುವಂಥದ್ದು ಮೀಠಾ, ಉಪ್ಪಾದದ್ದು ಖಾರಾ. ಒಂದು ಢಾಬಾದಲ್ಲಿ ಹುಡುಗ ಕೈಪಂಪು ತೋರಿಸಿ "ಪಾಣಿ ಖಾರಾ ಹೈ" ಎಂದಾಗ ಅವ್ವ ನನ್ನ ಕಡೆ ತಿರುಗಿ, "ನೀರು ಖಾರ ಅಂದ್ರ ಏನೋ? ಮೆಣಸಿನಕಾಯಿ ಹಾಕ್ಯಾರೇನು?" ಎಂದಳು. ಎರಡೂ ಮಾತಿನ ಮೂಲ ಕ್ಷಾರವೇ. ನಮ್ಮದು ಮೆಣಸಿನ ಕಡೆ ಹೋಯಿತು, ಅವರದು ಉಪ್ಪಿನ ಕಡೆ ಉಳಿಯಿತು. ಇಲ್ಲೊಂದು ಪೂರ್ವಪಕ್ಷ: ಕುದಿಸಿದರೆ ಆಯಿತಲ್ಲ? ಆಗದು. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಉಪ್ಪಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 2000ದ ತನಕ ನಡೆದೀತು. ಇದನ್ನಳೆಯುವ ಪೆನ್ನಿನಂಥ ಮೀಟರನ್ನು ಭಾವಮೈದುನ ತಂದಿದ್ದ. ಅವನು ಅದನ್ನು ಲೋಟದಲ್ಲಿ ಅದ್ದಿ ಅಂಕಿ ನಿಲ್ಲಲೆಂದು ಕಾಯುವಷ್ಟರಲ್ಲಿ ಢಾಬಾದ ಹುಡುಗ ನಾಲಿಗೆಯ ತುದಿಗೆ ಒಂದು ಹನಿ ಹಚ್ಚಿಕೊಂಡು ತೀರ್ಪು ಕೊಟ್ಟು ಹೋಗಿದ್ದ.

ರೇಜಾಣಿಯ ಮುಂದೆ ಮಾತ್ರ ಶಾಸ್ತ್ರಕಾರ ತಲೆಬಾಗಬೇಕು. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಗಟ್ಟಿ ಪಟ್ಟಿ ಹಾದಿರುತ್ತದೆ. ಬಿದ್ದ ಮಳೆ ಮರಳಿನಲ್ಲಿ ಇಳಿದು ಆ ಪಟ್ಟಿಯ ಮೇಲೆ ನಿಲ್ಲುತ್ತದೆ. ಅದರ ಕೆಳಗಿನ ಉಪ್ಪು ನೀರನ್ನು ಸೇರುವುದಿಲ್ಲ. ನಮ್ಮ ಧಾರವಾಡದ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಆ ಬಿರುಕಿನಿಂದಲೇ ಒಳಗಿನ ಹಸಿ ಹಾರಿಹೋಗುತ್ತದೆ. ಮರಳಿಗೆ ಬಿರುಕು ಬಿಡುವ ಚಟವಿಲ್ಲ. ಕಣಕಣ ಬಿಡಿಯಾಗಿಯೇ ಇದ್ದು ತೇವವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಅದನ್ನು ಹನಿಹನಿಯಾಗಿ ಬಸಿದುಕೊಳ್ಳಲು ತೋಡುವ ಇಕ್ಕಟ್ಟಿನ ಬಾವಿಗೆ ಕುಈ ಎಂದೂ ಬೇರಿ ಎಂದೂ ಹೆಸರು. ಬಾಯಿ ಅಗಲ ಮಾಡಿದರೆ ಬಸಿದ ನೀರು ತಳದಲ್ಲಿ ಹರಡಿ ಕೊಡಕ್ಕೆ ಸಿಗದೇ ಹೋಗುತ್ತದೆ, ಬಿಸಿಲಿಗೂ ಪಾಲು ಕೊಡಬೇಕಾಗುತ್ತದೆ. ಒಳಗೆ ಗುದ್ದಲಿ ಬೀಸಲು ಜಾಗವಿಲ್ಲ. ಕುಳಿತು ಮೋಟು ಹಿಡಿಯ ಸಣ್ಣ ಉಪಕರಣದಿಂದ ಕೆತ್ತಬೇಕು. ಕೆಳಗೆ ಧಗೆ ಏರಿದಾಗ ಮೇಲಿನವರು ಒಂದೊಂದು ಹಿಡಿ ಮರಳನ್ನು ಜೋರಾಗಿ ಎಸೆಯುತ್ತಾರೆ. ಅದರ ಜೊತೆ ತಂಪುಗಾಳಿ ಒಳಗಿಳಿಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ. ಇಷ್ಟೆಲ್ಲ ಮಾಡಿದರೆ ದಿನಕ್ಕೆ ಎರಡು ಮೂರು ಕೊಡ. ಇನ್ನೂ ಒಂದು ಮಾತು. ಕುಈ ತೋಡಿದವನದೇ ಆದರೂ ಹೊಸದೊಂದನ್ನು ತೋಡಲು ಊರು ಒಪ್ಪಬೇಕು, ಏಕೆಂದರೆ ಹೊಸ ಕುಈ ಹೊಸ ನೀರು ತರುವುದಿಲ್ಲ, ಇದ್ದ ತೇವದಲ್ಲೇ ಇನ್ನೊಂದು ಪಾಲು ಕೇಳುತ್ತದೆ.

ಈ ಮೂರರ ಲೆಕ್ಕಕ್ಕೆ ಸಿಗದ ನೆಂಟನೆಂದರೆ ಇಂದಿರಾ ಗಾಂಧಿ ಕಾಲುವೆ. 1958ರಲ್ಲಿ ಅಡಿಗಲ್ಲು ಬಿದ್ದ ಇದು ಪಂಜಾಬಿನ ಹರಿಕೆಯಿಂದ ಸಟ್ಲೆಜ್, ಬಿಯಾಸ್ ನದಿಗಳ ನೀರನ್ನು ಜೈಸಲ್ಮೇರ್ ಜಿಲ್ಲೆಯ ತನಕ ತಂದಿದೆ. ಹಿಮಾಲಯದ ನೀರು ಮರಳಿನಲ್ಲಿ. ಇದಕ್ಕೆ ಬೇರೆ ಶಾಸ್ತ್ರವೇ ಬೇಕು, ನಾನು ಬರೆಯಲಾರೆ.

ಇನ್ನು ಒಯ್ಯುವ ನೀರು, ಅರ್ಥಾತ್ ಡಿಕ್ಕಿ ಪ್ರಕರಣ. ನಾವಿಟ್ಟುಕೊಂಡ ಸೂತ್ರ: ತಲೆಗೆ ದಿನಕ್ಕೆ 5 ಲೀಟರ್. ನಾಲ್ಕು ತಲೆ, ಮೂರು ದಿನ, 60 ಲೀಟರ್. ಗಾಡಿ ಹೂತುಹೋದರೆ ಇರಲೆಂದು ಮತ್ತೆ 10. ಲೀಟರಿಗೊಂದು ಕಿಲೋ, ಒಟ್ಟು 70 ಕಿಲೋ: ಹಾಡು ಬದಲಿಸು ಎನ್ನದ, ಕಿಟಕಿ ಇಳಿಸು ಎನ್ನದ ಐದನೆಯ ಪ್ರಯಾಣಿಕ. ಸ್ಥಾನಭೇದದಿಂದ ಈ ನೀರು ನಾಲ್ಕು ಬಗೆ. ದ್ವಾರಸ್ಥ, ಬಾಗಿಲ ಸಂದಿಯ ಬಾಟಲಿಯದು; ಇದು ಮಧ್ಯಾಹ್ನದೊಳಗೆ ಬಿಸಿನೀರು. ಪಾದಸ್ಥ, ಸೀಟಿನಡಿ ಉರುಳಾಡುವುದು. ಇದು ಬ್ರೇಕಿನ ಪೆಡಲ್ ಕೆಳಗೆ ಹೋಗಿ ಸಿಕ್ಕಿಕೊಂಡರೆ ಬಾಯಾರಿಕೆಯ ಚಿಂತೆ ಶಾಶ್ವತವಾಗಿ ತೀರೀತು. ಶಿರಸ್ಥ, ಛಾವಣಿಯ ಕ್ಯಾರಿಯರ್ ಮೇಲಿನದು. ಮರಳ ದಿಬ್ಬದಲ್ಲಿ ಗಾಡಿಯನ್ನು ಮಗ್ಗುಲಿಗೆ ಎಳೆಯುವ ಗುಣವಿದೆ, ನಿಷಿದ್ಧ. ಡಿಕ್ಕಿಸ್ಥವೇ ಶ್ರೇಷ್ಠ. ಆದರೆ ಒಂದೇ ದೊಡ್ಡ ಕ್ಯಾನ್ ಆಗಬಾರದು. ಒಂದು ಮುಚ್ಚಳದ ವಾಷರ್ ಸಡಿಲಾದರೆ ಮೂರು ದಿನದ ಜೀವ ಸ್ಟೆಪ್ನಿಗೆ ಸ್ನಾನ ಮಾಡಿಸುತ್ತದೆ. ಡೀಸೆಲ್ ಕ್ಯಾನಿನ ಬಣ್ಣವೂ ನೀರಿನ ಕ್ಯಾನಿನ ಬಣ್ಣವೂ ಒಂದೇ ಇರಕೂಡದು, ಇದಕ್ಕೆ ವ್ಯಾಖ್ಯಾನ ಬೇಡ.

ಹೊರಸ್ಥ ಎಂಬ ಐದನೆಯದೊಂದು ಈಗ ಅಪರೂಪ: ಛಾಗಲ್, ಅಂದರೆ ದಪ್ಪ ಕ್ಯಾನ್ವಾಸಿನ ನೀರುಚೀಲ. ಗಾಡಿಯ ಹೊರಗೆ ತೂಗುಬಿಟ್ಟರೆ ಬಟ್ಟೆಯಿಂದ ಜಿನುಗಿದ ನೀರು ಒಣಗಾಳಿಗೆ ಆವಿಯಾಗುತ್ತ ಒಳಗಿನದನ್ನು ತಣ್ಣಗಿಡುತ್ತದೆ. ಒಂದು ಪಾಲನ್ನು ಗಾಳಿಗೆ ತೆರಿಗೆ ಕಟ್ಟಿ ಉಳಿದದ್ದನ್ನು ತಂಪು ಮಾಡಿಕೊಳ್ಳುವ ವ್ಯವಹಾರ. ಮಂಗಳೂರಿನ ಸೆಕೆಗಾಲದಲ್ಲಿ ಈ ಚೀಲ ಬರಿದೆ ತೊಟ್ಟಿಕ್ಕೀತು. ನನ್ನ ಹೆಂಡತಿ ಹಗಲಿಗೆರಡು ಸಲ ಡಿಕ್ಕಿ ತೆರೆಸಿ ಕ್ಯಾನುಗಳನ್ನು ಬೆರಳಿನಿಂದ ತಟ್ಟಿ ಮಟ್ಟ ನೋಡುತ್ತಿದ್ದಳು. "ರೀ, ಈಗ ಎಷ್ಟ್ ಉಳದಾವು ಹೇಳ್ರಿ" ಎಂದು ನನಗೆ ಪರೀಕ್ಷೆ ಬೇರೆ.

ಸಿಗುವ ನೀರು. ಇದಕ್ಕೆ ಪ್ರಮಾಣಗ್ರಂಥ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ. ನೆಲದಡಿಯ ನೀರು ಪತ್ತೆ ಹಚ್ಚಲೆಂದೇ ಅದರಲ್ಲೊಂದು ಅಧ್ಯಾಯವಿದೆ. ನೀರಿಲ್ಲದ ಕಡೆ ಬೆತ್ತದ ಗಿಡ ಕಂಡರೆ ಅದರ ಪಶ್ಚಿಮಕ್ಕೆ ಮೂರು ಮೊಳ ದೂರದಲ್ಲಿ, ಒಂದೂವರೆ ಆಳು ಆಳದಲ್ಲಿ ನೀರು. ಗುರುತಿಗೆ ಅರ್ಧ ಆಳಿನಲ್ಲಿ ಬಿಳಿಚಿದ ಕಪ್ಪೆ, ಆಮೇಲೆ ಹಳದಿ ಮಣ್ಣು. ಮರುಭೂಮಿಯ ಪ್ರಸ್ತಾಪವೂ ಬೇರೆಯಾಗಿ ಬರುತ್ತದೆ. ಭಾವಮೈದುನ ಇದನ್ನು ಕೇಳಿ ಜೋಧಪುರದಲ್ಲೇ ಒಂದು ಸಲಿಕೆ ಕೊಂಡ. ಥಾರಿನಲ್ಲಿ ಬೆತ್ತ ಎಲ್ಲಿಂದ ಬರಬೇಕು? ಕಂಡದ್ದು ಖೇಜಡಿ, ನಮ್ಮ ಬನ್ನಿಮರ. ವಿಜಯದಶಮಿಯ ದಿನ ಅವ್ವ ಅದರ ಎಲೆ ಕಿತ್ತು, "ಬಂಗಾರ ತಗೊಂಡು ಬಂಗಾರದಂಗ ಇರ್ರಿ" ಎಂದು ಎಲ್ಲರಿಗೂ ಕೊಟ್ಟಳು. ಬನ್ನಿಯ ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಅಲ್ಲಿ ನೀರಿದೆ ಎಂಬುದಕ್ಕೆ ಅದು ಸಾಕ್ಷಿ, ಆದರೆ ಆ ಸಾಕ್ಷಿಯ ತನಕ ಸಲಿಕೆ ಮುಟ್ಟುವುದಿಲ್ಲ. ಗುಂಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಆವಿ ಹಿಡಿಯುವ ಉಪಾಯವನ್ನೂ ಹೇಳುತ್ತಾರೆ. ಒಣ ಮರಳಿನಲ್ಲಿ ಅಗೆದವನ ಬೆವರೇ ಬಂದ ನೀರಿಗಿಂತ ಹೆಚ್ಚು. ರೇಡಿಯೇಟರ್ ನೀರನ್ನು ನೆನೆಯಲೂ ಬೇಡಿ, ಕೂಲಂಟ್ ವಿಷ.

ಹೀಗೆ ನಾಲ್ಕನೆಯ ಪ್ರಕರಣ ಖಾಲಿಯಾಗುತ್ತ ಬಂದಾಗ ನಾವು ರಾಮಗಢದಾಚೆ ಒಂದು ಕವಲುದಾರಿ ಹಿಡಿದಿದ್ದೆವು. ದಾರಿಯ ಪಕ್ಕ ಅಂಗಳದಂತೆ ಗುಡಿಸಿಟ್ಟ ಗಟ್ಟಿ ನೆಲ; ಒಂದು ಕಸವಿಲ್ಲ, ಒಂದು ಹಿಕ್ಕೆಯಿಲ್ಲ. ನಡುವೆ ಸುಣ್ಣ ಬಳಿದ ದುಂಡನೆಯ ಕಟ್ಟೆ, ಅದಕ್ಕೊಂದು ಪುಟ್ಟ ಕಬ್ಬಿಣದ ಬಾಗಿಲು. ಮರಳಲ್ಲಿ ಹೂತೇವೆಂದು ಹೆದರಿದ್ದ ನನಗೆ ಇದಕ್ಕಿಂತ ಒಳ್ಳೆಯ ಪಾರ್ಕಿಂಗ್ ಬೇರೆಲ್ಲಿ? ಕಟ್ಟೆಯ ಪಕ್ಕಕ್ಕೇ ಒಯ್ದು ನಿಲ್ಲಿಸಿದೆ. ಅವ್ವ ಮಾತ್ರ, "ಯಾರದೋ ಗದ್ದಗಿ ಇದ್ದಂಗ ಐತಿ, ಗಾಡಿ ದೂರ ನಿಂದರ್ಸಬೇಕಿತ್ತು" ಎಂದು ಗೊಣಗುತ್ತ ಚಪ್ಪಲಿಗಳನ್ನು ಕಾರಿನಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿದು ಕೈಮುಗಿದಳು.

ಕುರಿಗಳ ಹಿಂದಿದ್ದ ಅಜ್ಜ ಅವಸರವಿಲ್ಲದೆ ಬಂದರು. ಅಂಚಿನಲ್ಲಿ ಜೋಡು ಕಳಚಿಟ್ಟರು. ಬೈಯಲಿಲ್ಲ. "ಬೇಟಾ, ಗಾಡಿ ನಮ್ಮ ಕೊಡದೊಳಗೆ ನಿಂತಿದೆ" ಎಂದರು. ಆ ಕಟ್ಟೆ ಟಾಂಕಾ, ಪಾಲರ್ ನೀರಿನ ತೊಟ್ಟಿ. ಸುತ್ತಲಿನ ನೆಲ ಅದರ ಆಗೋರ್. ಬಿದ್ದ ಮಳೆ ಅದರ ಮೇಲಿಂದಲೇ ಹರಿದು ಒಳಗಿಳಿಯಬೇಕು. ಅದಕ್ಕೇ ಅಲ್ಲಿ ಚಪ್ಪಲಿಯೂ ಸಲ್ಲದು. ನಾಲ್ವರಲ್ಲಿ ಅವ್ವನೊಬ್ಬಳೇ, ತಪ್ಪು ಕಾರಣಕ್ಕೆ, ಸರಿಯಾಗಿ ಒಳಬಂದವಳು.

"ತಪ್ಪಾಯಿತು ಬಾಬಾ" ಎಂದು ಗಾಡಿಯನ್ನು ಹೊರಗೆ ತೆಗೆದೆ. ಅಷ್ಟರಲ್ಲಿ ಅಜ್ಜ ಬಾಗಿಲು ತೆರೆದು ಸಣ್ಣ ಬಕೆಟ್ ಇಳಿಸಿ ಅವ್ವನ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಆಮೇಲೆ ನಮಗೂ. ಡಿಕ್ಕಿಯಲ್ಲಿ 40 ಲೀಟರ್ ಇದ್ದದ್ದನ್ನು ನಾವು ಯಾರೂ ಬಾಯಿಬಿಡಲಿಲ್ಲ. ಆ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ 'ಸಿಗುವ ನೀರು' ಎಂಬುದನ್ನು ಹೊಡೆದುಹಾಕಿ 'ಕೊಡುವ ನೀರು' ಎಂದು ತಿದ್ದಿದೆ. ಲಕ್ಷಣ ಬರೆಯಲು ಕೂತರೆ ಮುಂದೆ ಹೋಗಲಿಲ್ಲ.

ಕಾರು ನಿಂತಿದ್ದ ಜಾಗದಲ್ಲಿ ಎಂಜಿನ್ ಎಣ್ಣೆಯ ಮೂರು ಹನಿ ಬಿದ್ದಿದ್ದವು. ಭಾವಮೈದುನ ಬೂಟು ಬಿಚ್ಚಿ, ನೀರು ತೋಡಲೆಂದು ಕೊಂಡಿದ್ದ ಸಲಿಕೆಯನ್ನು ಅವತ್ತೇ ಮೊದಲ ಸಲ ಹೊರತೆಗೆದು, ಆ ಮಣ್ಣನ್ನು ಕೆರೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ. ಅಜ್ಜ ಕುಕ್ಕರಗಾಲಲ್ಲಿ ಕೂತು ಗುಂಡಿಯ ಮಣ್ಣು ಮೂಸಿ ನೋಡಿದರು.

"ಇನ್ನೊಂದು ಬೆರಳು" ಎಂದರು. ಅವನು ಇನ್ನೊಂದು ಬೆರಳಿನಷ್ಟು ಕೆರೆದ.