ಮಡಿಕೇರಿಯಲ್ಲೊಂದು ಸಮುದ್ರ

ಕೊಡಗಿನಲ್ಲಿ ಪಾಚಿಗಾಗಿ ಯಾರೂ ದುಡ್ಡು ಖರ್ಚು ಮಾಡುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಸಾಕು, ಮೆಟ್ಟಿಲು, ಹೆಂಚು, ಕಾಂಪೌಂಡು, ಬಾವಿಕಟ್ಟೆ ಎಲ್ಲದರ ಮೇಲೂ ತಾನಾಗಿ ಹತ್ತಿಕೊಳ್ಳುತ್ತದೆ. ಹೀಗಿರುವಾಗ ಸಾವಿರಗಟ್ಟಲೆ ಸುರಿದು ಗಾಜಿನ ತೊಟ್ಟಿ ತಂದು, ಲೈಟು ಹಾಕಿ, ಹೀಟರ್ ಇಟ್ಟು, ಮನೆಯೊಳಗೇ ಪಾಚಿ ಬೆಳೆಸುತ್ತಿರುವ ಗಂಡಸು ಮಡಿಕೇರಿಯಲ್ಲಿ ನಾನೊಬ್ಬನೇ ಇರಬೇಕು.

ನನ್ನದು ಉಪ್ಪುನೀರಿನ ಅಕ್ವೇರಿಯಂ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಪೂಂಪುಹಾರ್‌ನಲ್ಲಿ ಸಮುದ್ರ ಸೇರಲು ಸುಮಾರು 800 ಕಿಲೋಮೀಟರ್ ಹರಿಯಬೇಕು. ನಮ್ಮ ಮನೆಯಲ್ಲಿ ಆ ಪ್ರಯಾಣ ರಾತ್ರಿ ಬೆಳಗಾಗುವುದರೊಳಗೆ ಬಕೆಟಿನಲ್ಲೇ ಮುಗಿಯುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂಗಡಿಯ ಕಲ್ಲುಪ್ಪು ಆಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಸಮುದ್ರದ ಹದಕ್ಕೆ ಬೆರೆತ ಬೇರೆ ಉಪ್ಪೇ ಬೇಕು. ಅದರ ಬಿಲ್ಲು ಅವ್ವನ ಕೈಗೆ ಸಿಕ್ಕಿತು. "ಈ ರೇಟಿಗೆ ಊರಿಗೆಲ್ಲ ಉಪ್ಪಿನಕಾಯಿ ಹಾಕಬಹುದಿತ್ತಲ್ಲೋ" ಅಂದಳು.

ಹವಳದ ದಿಬ್ಬ ಅಂತ ಹೇಳಿಕೊಳ್ಳುತ್ತೇನಾದರೂ ನಿಜವಾದ ಹವಳ ಒಂದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಸೇರಿಸಿದರು. ನಾಗರಹೊಳೆಯ ಹುಲಿ ಇರುವುದು ಅದೇ ಪಟ್ಟಿಯಲ್ಲಿ. ಹುಲಿಯನ್ನು ಹಾಲ್‌ನಲ್ಲಿ ಕಟ್ಟಿಕೊಳ್ಳದವನು ಹವಳವನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೇ ಸಿರಾಮಿಕ್ ಕಲ್ಲು. ಜೊತೆಗೆ ಎರಡು ಕ್ಲೌನ್ ಮೀನು. ಅವು ಹುಟ್ಟಿದ್ದೇ ಹ್ಯಾಚರಿಯಲ್ಲಿ. ನಾನಾದರೂ ಕಣ್ಣೂರಿಗೆ ಹೋಗಿ ಸಮುದ್ರ ನೋಡಿ ಬಂದಿದ್ದೇನೆ, ಅವು ಅದನ್ನೂ ನೋಡಿಲ್ಲ.

ಹೊಸ ತೊಟ್ಟಿಯೆಂದರೆ ಕಾಡು ಕಡಿದು ಬೋಳು ಮಾಡಿದ ಜಾಗ. ನಮ್ಮ ಕಡೆ ಅಂಥ ಜಾಗವನ್ನು ಒಂದು ಮಳೆಗಾಲ ಸುಮ್ಮನೆ ಬಿಟ್ಟು ನೋಡಿ, ನೀವು ಗಿಡ ತರುವುದರೊಳಗೆ ಲಂಟಾನ ಬಂದು ಕೂತಿರುತ್ತದೆ. ಮೊದಲು ಬಂದದ್ದು ಕಂದು ಧೂಳು, ಡಯಾಟಮ್. ನೀರಿನಲ್ಲಿರುವ ಸಿಲಿಕಾ ಎತ್ತಿಕೊಂಡು ಮೈಗೆ ಗಾಜಿನ ಚಿಪ್ಪು ಮಾಡಿಕೊಳ್ಳುವ ಶೋಕಿಯ ಜೀವ. ಅದು ಕಾಲು ತೆಗೆಯುತ್ತಿದ್ದಂತೆ ಹಸಿರು ಕೂದಲು ಬಂತು. ನೈಟ್ರೇಟು, ಫಾಸ್ಫೇಟು ಅದರ ಊಟ. ಕಾಫಿಗೆ ನಾವು ಗೊಬ್ಬರ ಅಂತ ಕೊಡುವುದೂ ಅವನ್ನೇ ಆದ್ದರಿಂದ ಬಾವಿನೀರನ್ನು ಹಾಗೇ ಹಾಕುವುದು ಕ್ಷೇಮವಲ್ಲ, ಆರ್‌ಓ ಬೇಕು. ಉಳಿದ ಗೊಬ್ಬರವನ್ನು ಅವ್ವ ಒದಗಿಸುತ್ತಿದ್ದಳು. ಮನೆಗೆ ಬಂದವರು ಹಸಿದಿರಬಾರದು ಅನ್ನುವುದು ಅವಳ ನಿಯಮ. ಮೀನಿಗೂ ದಿನಕ್ಕೆ ನಾಲ್ಕು ಹೊತ್ತು.

ಕೊನೆಗೆ ಬಂದದ್ದು ಕೆಂಪು ಲೋಳೆ. ಬೆಳಿಗ್ಗೆ ಮರಳಿನ ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೈತುಂಬ ಗುಳ್ಳೆ. ಆ ಗುಳ್ಳೆ ಆಮ್ಲಜನಕದ್ದು. ನೋಡಲು ಪಾಚಿಯಾದರೂ ಜಾತಿಯಲ್ಲಿ ಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷದ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇದರ ವಂಶವೇ. ಅಂಥ ಘನತೆಯ ಕುಲವನ್ನು ನಾನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಸಣ್ಣ ಪೈಪು ಬಾಯಲ್ಲಿಟ್ಟು ಎಳೆದು ಬಕೆಟಿಗೆ ಬಿಡುತ್ತೇನೆ. ಎಳೆಯುವುದು ಒಂದು ಕ್ಷಣ ಹೆಚ್ಚಾದರೆ ವಂಶದ ರುಚಿಯೂ ಗೊತ್ತಾಗುತ್ತದೆ.

ತಮಾಷೆಯೆಂದರೆ, ನಿಜವಾದ ಹವಳ ಬದುಕುವುದೇ ಪಾಚಿಯಿಂದ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ಕೂತು ಬಿಸಿಲಿನಲ್ಲಿ ಅಡುಗೆ ಮಾಡಿ ಬಡಿಸುತ್ತದೆ. ಸಮುದ್ರ ಬಿಸಿಯಾದರೆ ಆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಅಲ್ಲಿ ಪಾಚಿ ಹೋಯಿತೆಂದು ವಿಜ್ಞಾನಿಗಳು ಕೊರಗುತ್ತಿದ್ದಾರೆ, ಇಲ್ಲಿ ಹೋಗುತ್ತಿಲ್ಲವೆಂದು ನಾನು.

ಪಕ್ಕದ ತೋಟದ ಮಾವ ಬಂದರು. ತೊಟ್ಟಿಯ ಮುಂದೆ ಬಗ್ಗಿ ನೋಡಿ, "ಎಂಥ ಮಾರಾಯಾ, ಇಷ್ಟಕ್ಕೆ ತಲೆ ಕೆಡಿಸಿಕೊಂಡಿದ್ದೀಯಾ? ಒಂದು ಬೋರ್ಡೋ ಹೊಡಿ" ಅಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತೀರಾ ತಳ್ಳಿಹಾಕುವ ಮಾತಲ್ಲ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆ ಹೇಳಿದ ಮದ್ದು ಅದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ಕಾಫಿಗೆ ನಾವು ಇವತ್ತಿಗೂ ಹೊಡೆಯುತ್ತೇವೆ. ಮೈಲುತುತ್ತದ ತಾಮ್ರಕ್ಕೆ ಪಾಚಿಯೂ ಸಾಯುತ್ತದೆ. ಆದರೆ ಸೀಗಡಿ, ಬಸವನಹುಳು ಇನ್ನೂ ಬೇಗ ಸಾಯುತ್ತವೆ, ಕಲ್ಲಿಗೆ ಹಿಡಿದ ತಾಮ್ರ ಸುಲಭಕ್ಕೆ ಬಿಡುವುದೂ ಇಲ್ಲ.

ಹೌದು, ಬಸವನಹುಳು ತರಿಸಿದ್ದೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳು ತೋಟಕ್ಕೆ ನುಗ್ಗಿ, ಬೆಳೆಗಾರರು ಕೂಲಿ ಕೊಟ್ಟು ಆರಿಸಿ ಕೊಲ್ಲಿಸುವ ಜಿಲ್ಲೆಗೆ, ಕೊರಿಯರ್ ಚಾರ್ಜು ಕೊಟ್ಟು ಬಸವನಹುಳು! ಬಂದವು ಉಳಿದಿದ್ದ ಕಂದು ಧೂಳನ್ನು ಚೊಕ್ಕಟವಾಗಿ ನೆಕ್ಕಿದವು. ಹಸಿರು ಕೂದಲನ್ನು ಮುಟ್ಟಿ ನೋಡಿ ಪಕ್ಕಕ್ಕೆ ಸರಿದವು. ಕೆಂಪು ಲೋಳೆಯ ಕಡೆ ತಿರುಗಿಯೂ ನೋಡಲಿಲ್ಲ.

ಲೋಳೆಗೆ ಬಲ್ಲವರು ಹೇಳುವ ಚಿಕಿತ್ಸೆ ಕತ್ತಲು. ಮೂರು ದಿನ ಲೈಟು ಆರಿಸಿ ತೊಟ್ಟಿಗೆ ಕಂಬಳಿ ಹೊದಿಸಬೇಕು, ಗಾಳಿ ಮಾತ್ರ ನಿಲ್ಲಬಾರದು. ಜುಲೈ ತಿಂಗಳ ಮಡಿಕೇರಿಯಲ್ಲಿ ಇದಕ್ಕೆ ವೈದ್ಯರೇ ಬೇಕಿಲ್ಲ. ಸಿಲ್ವರ್ ಓಕ್ ಒಂದು ಲೈನಿನ ಮೇಲೆ ಬಿತ್ತು, ಕರೆಂಟು ಹೋಯಿತು. ಬ್ಯಾಟರಿ ಪಂಪು ಗುಳುಗುಳು ಅನ್ನುತ್ತಿತ್ತು. ಹೀಟರ್ ನಿಂತದ್ದಕ್ಕೆ ಅವ್ವ ಬಚ್ಚಲ ಹಂಡೆಯಿಂದ ಬಿಸಿನೀರು ಬಾಟಲಿಗೆ ತುಂಬಿ ತಂದು, ಬಿರಡೆ ಬಿಗಿದು ತೊಟ್ಟಿಯಲ್ಲಿ ತೇಲಿಬಿಟ್ಟಳು. ಉಪ್ಪಿನ ಬಿಲ್ಲು ಮರೆತಿರಬೇಕು, ಅಥವಾ ಮೀನಿಗೆ ಚಳಿಯೆಂದು ಮನಸ್ಸು ಕರಗಿರಬೇಕು.

ಕರೆಂಟು ಬಂದ ಮೇಲೆ ಕಂಬಳಿ ತೆಗೆದರೆ ಲೋಳೆ ಮುದುಡಿಕೊಂಡಿತ್ತು. ಪೈಪಿನಲ್ಲಿ ಒಂದೇ ಎಳೆತಕ್ಕೆ ಬಂತು. ಮರಳು ಮರಳಿನ ಬಣ್ಣದಲ್ಲಿ ಕಾಣಿಸಿದ್ದು ಅವತ್ತೇ.

ಸಂಜೆ ಮಾವ ಮತ್ತೆ ಬಂದರು. ಕನ್ನಡಕ ಹಣೆಗೇರಿಸಿ ತೊಟ್ಟಿಯ ನಾಲ್ಕೂ ಮೂಲೆ ನೋಡಿದರು. "ನೋಡಿದೆಯಾ, ನಾನು ಹೇಳಿದ ಹಾಗೆ ಹೊಡೆದೆ, ಹೋಯ್ತು" ಅಂದರು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಕಾಫಿ ತಂದುಕೊಟ್ಟಳು. ಮಾವ ಒಂದು ಗುಟುಕು ಕುಡಿದು, ದನಿ ತಗ್ಗಿಸಿ, "ಮಳೆ ಬಿಟ್ಟ ಕೂಡಲೇ ಎರಡನೇ ಸ್ಪ್ರೇ ಮುಗಿಸಿಬಿಡು. ಸುಣ್ಣ ಬೇಕಾದರೆ ನಮ್ಮಲ್ಲಿದೆ" ಅಂದರು.